ಓದುಗರ ಪ್ರಶ್ನೆ, ನಮ್ಮ ಉತ್ತರ: ಕೆಸರು ನೀರಿನಲ್ಲೂ ಮೀನಿನ ಗಾಯ ಮಾಗುವುದು ಹೇಗೆ?

ಪ್ರಶ್ನೆ: ಶರಣು. ನಾವು ನಾರಾಯಣಪುರದ ಬಸವಸಾಗರದ ಹಿನ್ನೀರಿನಲ್ಲಿ ಬಲೆ ಹಾಕುವವರು. ಮಳೆಗಾಲದಲ್ಲಿ ಕೃಷ್ಣೆಯ ನೀರು ಕೆಂಪಗೆ ಚಹಾದ ಹಾಗೆ ಬರುತ್ತದೆ, ಅದರಲ್ಲಿ ಏನೇನು ಕೊಚ್ಚಿಕೊಂಡು ಬಂದಿರುತ್ತದೆ ಎಂಬುದು ನಮಗೆ ಗೊತ್ತು. ಆದರೂ ಹಳೆಯ ಬಲೆಗಾಯದ ಗುರುತು ಇರುವ ಮೀನು ಸಿಕ್ಕಾಗ ನೋಡಿದರೆ ಗಾಯ ಚೆನ್ನಾಗಿ ಮಾಗಿರುತ್ತದೆ. ಅದೇ ನೀರಿನಲ್ಲಿ ನಮ್ಮ ಕಾಲಿಗೆ ಮುಳ್ಳು ಚುಚ್ಚಿದರೆ ಕೀವು ತುಂಬುತ್ತದೆ. ಇಷ್ಟು ಗಟ್ಟಿಯಾದ ಮೀನು ಹಿಡಿದ ಮೇಲೆ ಮಾತ್ರ ಬೇಸಿಗೆಯಲ್ಲಿ ಮಧ್ಯಾಹ್ನದೊಳಗೆ ನಾರತೊಡಗುತ್ತದೆ. ಮೀನಿನ ಮೈಯಲ್ಲಿರುವ ಪ್ರೋಟೀನು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ ಎಂದು ಪಿಯುಸಿ ಓದುವ ಮಗಳು ಹೇಳುತ್ತಾಳೆ. ಅದು ನಿಜವೇ? ನಿಜವಾದರೆ ಕೊಲ್ಲುವುದು ಹೇಗೆ?
– ಒಬ್ಬ ಮೀನುಗಾರರು, ಹುಣಸಗಿ ತಾಲ್ಲೂಕು, ಯಾದಗಿರಿ ಜಿಲ್ಲೆ

ಉತ್ತರ: ನಿಮ್ಮ ಮಗಳು ಹೇಳುವುದು ನಿಜ. ನದಿ, ಕೆರೆಗಳ ಒಂದು ಮಿಲಿಲೀಟರ್ ನೀರಿನಲ್ಲಿ, ಅಂದರೆ ಸುಮಾರು 20 ಹನಿಗಳಲ್ಲಿ, ಹತ್ತು ಲಕ್ಷದಷ್ಟು ಬ್ಯಾಕ್ಟೀರಿಯಾಗಳಿರುವುದು ಸಾಮಾನ್ಯ ಸಂಗತಿ. ನಮ್ಮ ಚರ್ಮದ ಮೇಲ್ಭಾಗದಲ್ಲಿ ಸತ್ತ ಜೀವಕೋಶಗಳ ಒಣ ಹೊದಿಕೆಯಿದೆ; ಮೀನಿಗೆ ಅದಿಲ್ಲ, ಅದರ ಚರ್ಮದ ತೀರ ಹೊರಗಿನ ಕೋಶವೂ ಜೀವಂತವಾಗಿದ್ದು, ಹಗಲಿರುಳೂ ಆ ನೀರಿಗೆ ಮೈಯೊಡ್ಡಿಕೊಂಡಿರುತ್ತದೆ. ಅದನ್ನು ಕಾಯುವುದು ನೀವು ದಿನವೂ ಕೈಯಲ್ಲಿ ಹಿಡಿಯುವ ಲೋಳೆ. ಹಸಿ ಮೀನನ್ನು ಮುಟ್ಟಿದ ಮೇಲೆ ಹೆಬ್ಬೆರಳು, ತೋರುಬೆರಳುಗಳನ್ನು ಒಂದಕ್ಕೊಂದು ಒತ್ತಿ ನಿಧಾನವಾಗಿ ಅಗಲಿಸಿದರೆ ನಡುವೆ ಬೆಂಡೆಕಾಯಿಯ ಲೋಳೆಯಂತಹ ಎಳೆಯೊಂದು ಹಿಗ್ಗುತ್ತದೆಯಲ್ಲವೇ, ಆ ಎಳೆಯೊಳಗೆ ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಕತ್ತರಿಸುವ ಲೈಸೋಜೈಮ್ ಎಂಬ ಕಿಣ್ವ, ರೋಗಾಣುಗಳನ್ನು ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯಗಳು, ಇವುಗಳ ಜೊತೆಗೆ ಪೆಪ್ಟೈಡ್ ಎಂದು ಕರೆಯುವ ಪುಟ್ಟ ಪ್ರೋಟೀನುಗಳು ಇರುತ್ತವೆ. ಲೋಳೆ ಒಂದೇ ಸಮನೆ ಒಸರುತ್ತ, ಹಳೆಯದು ನೀರಿನಲ್ಲಿ ತೊಳೆದು ಹೋಗುತ್ತ ಇರುವುದರಿಂದ, ಅದಕ್ಕೆ ಅಂಟಿದ ಬ್ಯಾಕ್ಟೀರಿಯಾಗಳೂ ಅದರೊಂದಿಗೆ ಕಳಚಿಕೊಳ್ಳುತ್ತವೆ.

ಮಗಳು ಹೇಳಿದ ಪ್ರೋಟೀನು ಎಂದರೆ ಬಹುಮಟ್ಟಿಗೆ ಈ ಪೆಪ್ಟೈಡುಗಳೇ. ಪ್ರೋಟೀನು ಎಂಬುದು ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಸಾಧಾರಣ ಪ್ರೋಟೀನಿನಲ್ಲಿ ಇಂತಹ ನೂರಾರು ಮಣಿಗಳಿದ್ದರೆ, ಈ ಪೆಪ್ಟೈಡುಗಳಲ್ಲಿ ಇರುವುದು ಸಾಮಾನ್ಯವಾಗಿ ಇಪ್ಪತ್ತು ಮೂವತ್ತರ ಆಸುಪಾಸು. ವಿಂಟರ್ ಫ್ಲೌಂಡರ್ ಎಂಬ ಚಪ್ಪಟೆ ಸಮುದ್ರಮೀನಿನ ಲೋಳೆಯಲ್ಲಿ 1997ರಲ್ಲಿ ಪತ್ತೆಯಾದ ಪ್ಲೂರೋಸಿಡಿನ್‌ನಲ್ಲಿ 25 ಮಣಿಗಳಿವೆ. ಪಟ್ಟೆಗಳುಳ್ಳ ಬಾಸ್ ಮೀನಿನ ಮಿಶ್ರತಳಿಯಲ್ಲಿ ಅಮೆರಿಕದ ವಿಜ್ಞಾನಿಗಳು 2001ರಲ್ಲಿ ಗುರುತಿಸಿದ ಪಿಸಿಡಿನ್‌ನಲ್ಲಿ 22 ಮಣಿಗಳಿವೆ. ಅದು ಮಾಸ್ಟ್ ಕೋಶಗಳೆಂಬ ಕಾವಲು ಕೋಶಗಳಲ್ಲಿ ದಾಸ್ತಾನಾಗಿದ್ದು, ಸೋಂಕು ತಗುಲಿದ ಜಾಗದಲ್ಲಿ ಹೊರಬೀಳುತ್ತದೆ.

ಇವು ಕೊಲ್ಲುವ ಬಗೆಯನ್ನು ತಿಳಿಯಲು ಎರಡು ಸಂಗತಿ ಗಮನದಲ್ಲಿರಬೇಕು. ಮೊದಲನೆಯದು, ಬ್ಯಾಕ್ಟೀರಿಯಾದ ಕೋಶಪೊರೆ. ಅದು ಕೊಬ್ಬಿನ ಎರಡು ಪದರಗಳ ತೆಳ್ಳನೆಯ ಹಾಳೆ, ಅದರ ದಪ್ಪ ಒಂದು ಮಿಲಿಮೀಟರಿನ ಎರಡು ಲಕ್ಷದಲ್ಲಿ ಒಂದು ಪಾಲಿನಷ್ಟು ಮಾತ್ರ. ಒಳಗಿನ ಲವಣ, ಶಕ್ತಿ, ಸಾರವೆಲ್ಲ ಹೊರಗೆ ಸೋರದಂತೆ ತಡೆದಿರುವುದು ಆ ಹಾಳೆ. ಅದರ ಹೊರಮೈಯಲ್ಲಿ ಋಣ ವಿದ್ಯುದಾವೇಶವಿರುತ್ತದೆ. ನಮ್ಮ ಮತ್ತು ಮೀನಿನ ಜೀವಕೋಶಗಳ ಪೊರೆಯ ಹೊರಮೈ ಬಹುಮಟ್ಟಿಗೆ ಆವೇಶವಿಲ್ಲದ ಕೊಬ್ಬಿನಿಂದಾಗಿದ್ದು, ನಡುನಡುವೆ ಕೊಲೆಸ್ಟರಾಲ್ ಸೇರಿ ಅದನ್ನು ಬಿಗಿ ಮಾಡಿರುತ್ತದೆ. ಎರಡನೆಯದು, ಪೆಪ್ಟೈಡಿನ ಮಣಿಗಳಲ್ಲಿ ಲೈಸೀನ್, ಆರ್ಜಿನೀನ್ ಎಂಬವು ಹೆಚ್ಚಾಗಿದ್ದು, ಅವು ಧನ ಆವೇಶವನ್ನು ಹೊತ್ತಿರುತ್ತವೆ. ಉಳಿದ ಹಲವು ಮಣಿಗಳು ನೀರಿಗೆ ಹೊಂದದೆ ಎಣ್ಣೆಯ ಕಡೆಗೆ ಒಲಿಯುವಂಥವು.

ನಮ್ಮ ಭಾಗದಲ್ಲಿ ಪುಂಡಿ ನಾರಿನ ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಮುಂದಿನದು ಸುಲಭವಾಗಿ ತಿಳಿದೀತು. ನೇರವಾದ ಎಳೆಯ ಮೇಲೆ ಸರಿಯಾದ ಅಂತರಕ್ಕೊಂದು ಸುಣ್ಣದ ಬೊಟ್ಟು ಇಟ್ಟು ಹುರಿ ಮಾಡಿದರೆ, ಚದರಿದಂತೆ ಕಾಣುತ್ತಿದ್ದ ಬೊಟ್ಟುಗಳೆಲ್ಲ ಹಗ್ಗದ ಒಂದೇ ಮಗ್ಗುಲಿಗೆ ಸಾಲಾಗಿ ಬಂದು ಕೂಡುತ್ತವೆ. ಈ ಪೆಪ್ಟೈಡುಗಳ ಸುರುಳಿಯ ಒಂದು ಸುತ್ತಿಗೆ 3.6 ಮಣಿಗಳು ಬೇಕು. ಸರದಲ್ಲಿ ಮೂರು ನಾಲ್ಕು ಮಣಿಗೊಮ್ಮೆ ಬರುವ ಧನಾವೇಶದ ಮಣಿಗಳು ಸುರುಳಿಯಾದಾಗ ಒಂದು ಮಗ್ಗುಲಿಗೂ, ಎಣ್ಣೆಗೆ ಒಲಿಯುವ ಮಣಿಗಳು ಇನ್ನೊಂದು ಮಗ್ಗುಲಿಗೂ ಬರುತ್ತವೆ. ನೀರಿನಲ್ಲಿ ತೇಲುವಾಗ ಸಡಿಲವಾಗಿ ಬಿದ್ದಿರುವ ಸರವು ಬ್ಯಾಕ್ಟೀರಿಯಾದ ಪೊರೆಯನ್ನು ತಾಕಿದೊಡನೆ ಹೀಗೆ ಹುರಿಗೊಳ್ಳುತ್ತದೆ. ಧನ ಮಗ್ಗುಲು ಪೊರೆಯ ಋಣ ಮೈಯನ್ನು ಹಿಡಿದುಕೊಂಡರೆ, ಎಣ್ಣೆಯ ಮಗ್ಗುಲು ಪೊರೆಯ ಕೊಬ್ಬಿನೊಳಗೆ ನುಸುಳುತ್ತದೆ. 22 ಮಣಿಗಳ ಸುರುಳಿಯ ಉದ್ದ ಸುಮಾರು 3.3 ನ್ಯಾನೋಮೀಟರ್, ಪೊರೆಯ ಒಳಗಿನ ಎಣ್ಣೆಯ ಭಾಗದ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಈ ಹೊಂದಿಕೆಯನ್ನು ಮೊದಲ ಸಲ ಲೆಕ್ಕ ಹಾಕಿ ನೋಡಿದಾಗ ನನಗಾದ ಬೆರಗು ಇಂದಿಗೂ ಕಡಿಮೆಯಾಗಿಲ್ಲ.

ಒಂದೆರಡು ಪೆಪ್ಟೈಡುಗಳಿಂದ ಏನೂ ಆಗುವುದಿಲ್ಲ. ಪೊರೆಯ ಮೇಲೆ ಅವು ಒತ್ತೊತ್ತಾಗಿ ನೆರೆದಾಗ, ಕೆಲವು ಬಗೆಯವು ಬಾವಿಯ ಸುತ್ತಿನ ಕಲ್ಲುಗಳಂತೆ ನಿಂತು ನಡುವೆ ರಂಧ್ರ ಬಿಡುತ್ತವೆ. ಕೆಲವು ಜಮಖಾನೆ ಹಾಸಿದಂತೆ ಪೊರೆಯ ಮೇಲೆ ಅಡ್ಡಲಾಗಿ ಮಲಗಿ, ಭಾರ ಮಿತಿ ಮೀರಿದಾಗ ಪೊರೆಯನ್ನೇ ಚೂರು ಚೂರು ಮಾಡುತ್ತವೆ. ಒಳಗಿನ ಪೊಟ್ಯಾಸಿಯಮ್ ಹೊರಗೆ ಸೋರಿ, ಶಕ್ತಿ ಉತ್ಪಾದನೆ ನಿಂತು, ಎಷ್ಟೋ ಬಾರಿ ಕೆಲವೇ ನಿಮಿಷಗಳಲ್ಲಿ ಬ್ಯಾಕ್ಟೀರಿಯಾ ಸಾಯುತ್ತದೆ. ಇನ್ನು ಕೆಲವು ಪೆಪ್ಟೈಡುಗಳು ಪೊರೆಯನ್ನು ಒಡೆಯದೆ ದಾಟಿ ಒಳಗಿನ ಡಿಎನ್‌ಎಯನ್ನು ಹಿಡಿದು ನಿಲ್ಲಿಸುವುದೂ ಉಂಟು. ಪೆನಿಸಿಲಿನ್‌ನಂತಹ ಔಷಧವು ಬ್ಯಾಕ್ಟೀರಿಯಾ ಬೆಳೆಯುವಾಗ ಗೋಡೆ ಕಟ್ಟುವ ಒಂದು ನಿರ್ದಿಷ್ಟ ಕಿಣ್ವವನ್ನು ಹಿಡಿಯುತ್ತದೆ. ಪೆಪ್ಟೈಡು ಪೊರೆಗೇ ಕೈ ಹಾಕುವುದರಿಂದ ಬ್ಯಾಕ್ಟೀರಿಯಾ ಬೆಳೆಯದೆ ಸುಮ್ಮನಿದ್ದರೂ ಅದನ್ನು ಬಿಡುವುದಿಲ್ಲ.

ಗಾಯದ ವಿಷಯದಲ್ಲಿ ಇನ್ನೂ ಸೊಗಸಾದ ಏರ್ಪಾಡೊಂದು ಗೊತ್ತಾಗಿದೆ. ಪೂರ್ವ ಏಷ್ಯಾದ ಅಮೂರ್ ಮೀಸೆ ಮೀನಿನ ಚರ್ಮ ಗಾಯಗೊಂಡಾಗ ಅದರ ಲೋಳೆಯಲ್ಲಿ ಪ್ಯಾರಾಸಿನ್ ಎಂಬ 19 ಮಣಿಗಳ ಪೆಪ್ಟೈಡು ಕಾಣಿಸಿಕೊಳ್ಳುವುದನ್ನು ಕೊರಿಯಾದ ವಿಜ್ಞಾನಿಗಳು 1998ರಲ್ಲಿ ವರದಿ ಮಾಡಿದರು. ಅದು ಎಲ್ಲಿಂದ ಬಂತೆಂದು ನೋಡಿದರೆ, ಜೀವಕೋಶದಲ್ಲಿ ಡಿಎನ್‌ಎ ದಾರವನ್ನು ಸುತ್ತಿಡುವ ಹಿಸ್ಟೋನ್ ಎಂಬ ಪ್ರೋಟೀನಿನ ತುದಿ ಅದು. ಗಾಯವಾದಾಗ ಕಿಣ್ವವೊಂದು ಆ ತುದಿಯನ್ನು ಕತ್ತರಿಸಿ ಆಯುಧವಾಗಿ ಹೊರಬಿಡುತ್ತದೆ.

ಇನ್ನು ಹಿಡಿದ ಮೀನು ನಾರುವ ಮಾತು. ಉಸಿರು ನಿಂತ ಮೇಲೆ ಹೊಸ ಲೋಳೆ ಒಸರುವುದಿಲ್ಲ, ಹೊಸ ಪೆಪ್ಟೈಡು ತಯಾರಾಗುವುದಿಲ್ಲ, ಇದ್ದದ್ದನ್ನು ಮೀನಿನದೇ ಕಿಣ್ವಗಳು ಕರಗಿಸುತ್ತವೆ. ಕಿವಿರು ಮತ್ತು ಕರುಳಿನಲ್ಲಿದ್ದ ಬ್ಯಾಕ್ಟೀರಿಯಾಗಳಿಗೆ ತಡೆಯೇ ಇರುವುದಿಲ್ಲ. ನಮ್ಮ ಕಡೆಯ 42 ಡಿಗ್ರಿ ಬಿಸಿಲಿನಲ್ಲಿ ಮುಂದಿನದು ಬೇಗ ನಡೆದುಹೋಗುತ್ತದೆ. ಆದ್ದರಿಂದ ದಡಕ್ಕೆ ಬರುವ ತನಕ ಕಾಯದೆ ದೋಣಿಯಲ್ಲಿಯೇ ಮೀನಿನ ತೂಕದಷ್ಟು ಪುಡಿ ಮಂಜುಗಡ್ಡೆ ಹಾಕುವುದು ಒಳ್ಳೆಯದು.

ಪ್ರಶ್ನೆ: ನಾನು ಬಿ.ಫಾರ್ಮಾ ವಿದ್ಯಾರ್ಥಿನಿ. ಮೀನಿನ ಪೆಪ್ಟೈಡುಗಳು ಇಷ್ಟು ಚೆನ್ನಾಗಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಾದರೆ ಔಷಧದ ಅಂಗಡಿಯಲ್ಲಿ ಅವು ಏಕೆ ಸಿಗುವುದಿಲ್ಲ? ಇವುಗಳಿಗೆ ಬ್ಯಾಕ್ಟೀರಿಯಾಗಳು ಎಂದೂ ಒಗ್ಗಿಕೊಳ್ಳುವುದಿಲ್ಲ ಎಂಬ ಮಾತು ಸರಿಯೇ?
– ಒಬ್ಬ ಓದುಗರು, ಕಲಬುರಗಿ

ಉತ್ತರ: ಹಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳ ಜೊತೆ ಮಾಡಿದ ಸಣ್ಣ ಪ್ರಯೋಗವೊಂದನ್ನು ಹೇಳಿದರೆ ನಿಮ್ಮ ಮೊದಲ ಪ್ರಶ್ನೆಗೆ ದಾರಿ ಸಿಗುತ್ತದೆ. ಮಾರುಕಟ್ಟೆಯಿಂದ ತಂದ ಕಾಟ್ಲಾ ಮೀನಿನ ಲೋಳೆಯನ್ನು ಗಾಜಿನ ಪಟ್ಟಿಯಿಂದ ಮೆಲ್ಲಗೆ ಕೆರೆದು, ಅರ್ಧ ಭಾಗವನ್ನು ತೆಳು ಆಮ್ಲದಲ್ಲಿ ಕಾಯಿಸಿ ಸೂಕ್ಷ್ಮ ಸೋಸುಕದಲ್ಲಿ ಸೋಸಿ ಹುಳಿಯನ್ನು ತೆಗೆದೆವು, ಇನ್ನರ್ಧವನ್ನು ಹಾಗೆಯೇ ಇಟ್ಟುಕೊಂಡೆವು. ಬ್ಯಾಕ್ಟೀರಿಯಾ ಬಿತ್ತಿದ ಅಗರ್ ತಟ್ಟೆಯ ಮೇಲೆ ಎರಡನ್ನೂ ಅದ್ದಿದ ಕಾಗದದ ಬಿಲ್ಲೆಗಳನ್ನು ಇಟ್ಟು ರಾತ್ರಿಯೆಲ್ಲ ಬಿಟ್ಟೆವು. ಬೆಳಗ್ಗೆ ಸೋಸಿದ ಲೋಳೆಯ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಕಿರಿದಾದ ತಿಳಿ ಬಳೆಯೊಂದು ಮೂಡಿತ್ತು. ಹಸಿ ಲೋಳೆಯ ಬಿಲ್ಲೆಯ ಸುತ್ತ ಮಾತ್ರ ನಾವು ಬಿತ್ತದೇ ಇದ್ದ ಬೇರೆ ಬಣ್ಣದ, ಮಿನುಗುವ ಬ್ಯಾಕ್ಟೀರಿಯಾ ಗುಂಪುಗಳು ಎದ್ದು ನಿಂತಿದ್ದವು. ಬ್ಯಾಕ್ಟೀರಿಯಾ ಕೊಲ್ಲುವ ವಸ್ತುವೂ, ಅದಕ್ಕೆ ಬಗ್ಗದೆ ಬದುಕುವ ಬ್ಯಾಕ್ಟೀರಿಯಾವೂ ಒಂದೇ ಲೋಳೆಯಲ್ಲಿದ್ದವು.

ಲೋಳೆಯಿಂದ ಔಷಧಕ್ಕೆ ಹೋಗುವ ಹಾದಿಯಲ್ಲಿ ಎದುರಾಗುವ ಅಡೆತಡೆಗಳು ಹಲವು, ಆದರೆ ನನ್ನ ಮಟ್ಟಿಗೆ ದೊಡ್ಡದು ವಿಷತ್ವ. ಕೆಂಪು ಸಮುದ್ರದ ಮೋಸೆಸ್ ಸೋಲ್ ಎಂಬ ಚಪ್ಪಟೆ ಮೀನು ಹಾಲಿನಂತಹ ದ್ರವವೊಂದನ್ನು ಒಸರಿಸುತ್ತದೆ. ಅದನ್ನು ಕಚ್ಚಲು ಬಂದ ಶಾರ್ಕ್ ಬಾಯಿ ಮುಚ್ಚಲಾರದೆ ಹಿಂದೆ ಸರಿಯುವುದನ್ನು ಯೂಜೀನಿ ಕ್ಲಾರ್ಕ್ ಎಂಬ ಪ್ರಸಿದ್ಧ ಜೀವವಿಜ್ಞಾನಿ ಜಗತ್ತಿಗೆ ತೋರಿಸಿದರು. ಆ ದ್ರವದಲ್ಲಿರುವ 33 ಮಣಿಗಳ ಪಾರ್ಡಾಕ್ಸಿನ್ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ನಮ್ಮ ಕೆಂಪು ರಕ್ತಕಣಗಳನ್ನೂ ಒಡೆಯುತ್ತದೆ. ಪಿಸಿಡಿನ್ ಕೂಡ ಪ್ರಮಾಣ ಹೆಚ್ಚಾದರೆ ರಕ್ತಕಣಗಳಿಗೆ ಹಾನಿ ಮಾಡುತ್ತದೆ. ಋಣ, ಧನ ಎಂಬ ಆವೇಶದ ಭೇದವು ಶತ್ರು ಮಿತ್ರರನ್ನು ಬಹುಮಟ್ಟಿಗೆ ಬೇರ್ಪಡಿಸುತ್ತದೆ, ಪೂರ್ತಿಯಾಗಿ ಅಲ್ಲ. ಎಣ್ಣೆಯ ಮಗ್ಗುಲನ್ನು ಸ್ವಲ್ಪ ತಗ್ಗಿಸಿ, ಒಂದೆರಡು ಮಣಿ ಬದಲಿಸಿ ಈ ಭೇದವನ್ನು ಹಿಗ್ಗಿಸುವ ಕೆಲಸ ಹಲವು ಪ್ರಯೋಗಾಲಯಗಳಲ್ಲಿ ನಡೆದಿದೆ. ಇದಲ್ಲದೆ, ನಮ್ಮ ದೇಹದ ಉಪ್ಪಿನ ಸಾಂದ್ರತೆಯಲ್ಲಿ ಅನೇಕ ಪೆಪ್ಟೈಡುಗಳ ಹಿಡಿತ ಸಡಿಲವಾಗುತ್ತದೆ. ಪ್ಲೂರೋಸಿಡಿನ್, ಪಿಸಿಡಿನ್‌ಗಳು ಉಪ್ಪಿನಲ್ಲೂ ಕೆಲಸ ಮಾಡುವುದರಿಂದಲೇ ಸಂಶೋಧಕರಿಗೆ ಅವುಗಳ ಮೇಲೆ ಹೆಚ್ಚು ಭರವಸೆ. ಕೃತಕವಾಗಿ ತಯಾರಿಸುವ ಖರ್ಚೂ ಹೆಚ್ಚು.

ಕಪ್ಪೆಯ ಚರ್ಮದ ಉದಾಹರಣೆಯನ್ನು ನೀವು ಪಾಠದಲ್ಲಿ ಕೇಳಿರಬಹುದು. ಆಫ್ರಿಕದ ಕಪ್ಪೆಯಲ್ಲಿ ಮೈಕೆಲ್ ಝಾಸ್ಲಾಫ್ 1987ರಲ್ಲಿ ಕಂಡ ಮ್ಯಾಗೈನಿನ್‌ನಿಂದ ತಯಾರಾದ ಪೆಕ್ಸಿಗನಾನ್ ಎಂಬ ಮುಲಾಮು ಮಧುಮೇಹಿಗಳ ಕಾಲಿನ ಹುಣ್ಣಿನ ಪರೀಕ್ಷೆಯ ತನಕ ಹೋಗಿ, 1999ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಪಡೆಯದೆ ನಿಂತಿತು.

ಆದರೆ ಮೀನಿನ ಒಂದು ಪ್ರೋಟೀನು ಔಷಧದ ಅಂಗಡಿಯಲ್ಲಿ ಇದ್ದೇ ಇದೆ, ನೀವೇ ಅದನ್ನು ಕೈಯಲ್ಲಿ ಹಿಡಿದಿರುತ್ತೀರಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಫ್ರೆಡ್ರಿಕ್ ಮೀಷರ್ 1874ರಲ್ಲಿ ರೈನ್ ನದಿಯ ಸಾಲ್ಮನ್ ಮೀನಿನ ವೀರ್ಯದಲ್ಲಿ ಪ್ರೋಟಮೀನ್ ಎಂಬುದನ್ನು ಗುರುತಿಸಿದರು. ಅದರ ಸರದ 32 ಮಣಿಗಳಲ್ಲಿ ಮೂರರಲ್ಲಿ ಎರಡು ಪಾಲು ಆರ್ಜಿನೀನ್. ಈ ಭಾರಿ ಧನಾವೇಶದಿಂದಾಗಿ ಅದು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ, ಜಪಾನಿನಲ್ಲಿ ಆಹಾರ ಕೆಡದಂತೆ ಅದನ್ನು ಬಳಸುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಎಂಬ ಋಣಾವೇಶದ ಔಷಧಕ್ಕೆ ಗಟ್ಟಿಯಾಗಿ ಅಂಟುವುದರಿಂದ, ಹೃದಯದ ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ ರಕ್ತ ಮತ್ತೆ ಹೆಪ್ಪುಗಟ್ಟುವಂತೆ ಮಾಡಲು ಕೊಡುವ ಚುಚ್ಚುಮದ್ದೂ ಅದೇ. ಡೆನ್ಮಾರ್ಕಿನ ಹಾಗೆಡೋರ್ನ್ 1936ರಲ್ಲಿ ಅದನ್ನು ಇನ್ಸುಲಿನ್‌ಗೆ ಕೂಡಿಸಿ, ಇನ್ಸುಲಿನ್ ನಿಧಾನವಾಗಿ ರಕ್ತಕ್ಕೆ ಸೇರುವಂತೆ ಮಾಡಿದರು. ಇಂದಿಗೂ ಅಂಗೈಗಳ ನಡುವೆ ಉರುಳಿಸಿ ಚುಚ್ಚಿಕೊಳ್ಳಬೇಕಾದ ಎನ್‌ಪಿಎಚ್ ಇನ್ಸುಲಿನ್ ಹಾಲಿನಂತೆ ಮಸುಕಾಗಿ ಕಾಣುವುದಕ್ಕೆ ಕಾರಣ ಪ್ರೋಟಮೀನ್ ಜೊತೆಗೂಡಿದ ಇನ್ಸುಲಿನ್ನಿನ ಹರಳುಗಳು. ಮೀನಿನ ಅಲರ್ಜಿ ಇರುವವರು ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರಿಗೆ ಅದನ್ನು ತಪ್ಪದೆ ಹೇಳಬೇಕೆನ್ನುವುದು ಈ ಕಾರಣದಿಂದ.

ಬ್ಯಾಕ್ಟೀರಿಯಾಗಳು ಎಂದೂ ಒಗ್ಗಿಕೊಳ್ಳುವುದಿಲ್ಲ ಎಂಬ ಮಾತು ಸರಿಯಲ್ಲ. ಒಂದು ಕಿಣ್ವವನ್ನು ಬದಲಿಸಿಕೊಳ್ಳುವುದಕ್ಕಿಂತ ಇಡೀ ಪೊರೆಯನ್ನು ಬದಲಿಸಿಕೊಳ್ಳುವುದು ಅವುಗಳಿಗೆ ಕಷ್ಟವೆಂಬುದು ನಿಜ, ಹಾಗಾಗಿ ಪ್ರತಿರೋಧ ನಿಧಾನವಾಗಿ ಬರುತ್ತದೆ. ಆದರೆ ಕೆಲವು ಬ್ಯಾಕ್ಟೀರಿಯಾಗಳು ಹೊರಮೈಗೆ ಧನಾವೇಶದ ಅಣುಗಳನ್ನು ಜೋಡಿಸಿಕೊಂಡು ತಮ್ಮ ಋಣಾವೇಶವನ್ನು ತಗ್ಗಿಸಿಕೊಳ್ಳುತ್ತವೆ, ಆಗ ಪೆಪ್ಟೈಡಿಗೆ ಹಿಡಿತ ಸಿಗುವುದಿಲ್ಲ. ಪೆಪ್ಟೈಡ್ ಜಾತಿಗೇ ಸೇರಿದ ಕೊಲಿಸ್ಟಿನ್ ಎಂಬ ಔಷಧಕ್ಕೆ ಹೀಗೆ ಬಗ್ಗದಂತೆ ಮಾಡುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಜೀನ್ ಚೀನಾದಲ್ಲಿ ಪತ್ತೆಯಾದ ವರದಿ 2015ರಲ್ಲಿ ಬಂತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿತು. ಮೀನಿನ ಮೈಯಲ್ಲಿ ಒಂದೇ ಪೆಪ್ಟೈಡಿನ ಬದಲು ಹಲವು ಬಗೆಯವು ಒಟ್ಟಿಗೆ, ಅದೂ ಬೇಕಾದಲ್ಲಿ ಬೇಕಾದಷ್ಟು ಮಾತ್ರ ಹೊರಬರುತ್ತವೆ ಎಂಬುದನ್ನು ಔಷಧ ತಯಾರಿಸುವವರು ಮರೆಯಬಾರದು ಎಂದು ನನಗೆ ಅನ್ನಿಸುತ್ತದೆ.

ಪ್ರಶ್ನೆ: ಮಿರಗದ ದಿನ ನಮ್ಮೂರಿನಿಂದ ಎಷ್ಟೋ ಜನ ಹೈದರಾಬಾದಿಗೆ ಹೋಗಿ, ಬಾಯಲ್ಲಿ ಔಷಧವಿಟ್ಟ ಜೀವಂತ ಮೀನಿನ ಮರಿಯನ್ನು ದಮ್ಮಿಗಾಗಿ ನುಂಗಿ ಬರುತ್ತಾರೆ. ಅದರ ಗುಣಕ್ಕೆ ಮೀನಿನ ಈ ಪ್ರೋಟೀನುಗಳೇ ಕಾರಣವೆಂದು ನಮ್ಮ ಶಾಲೆಯ ಸಿಬ್ಬಂದಿಯಲ್ಲಿ ಚರ್ಚೆಯಾಯಿತು. ಮೀನಿನ ಲೋಳೆ, ಚರ್ಮಗಳನ್ನು ಗಾಯಕ್ಕೆ ಹಚ್ಚಬಹುದೇ ಎಂಬುದನ್ನೂ ತಿಳಿಸಿ.
– ಒಬ್ಬ ಶಿಕ್ಷಕರು, ಹುಮನಾಬಾದ್, ಬೀದರ್ ಜಿಲ್ಲೆ

ಉತ್ತರ: ಹೋಗಿ ಬರುವವರ ನಂಬಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ, ಉಸಿರಿಗಾಗಿ ಒದ್ದಾಡುವ ಮಗುವನ್ನು ಎತ್ತಿಕೊಂಡು ರಾತ್ರಿಯೆಲ್ಲ ಸಾಲಿನಲ್ಲಿ ನಿಲ್ಲುವ ತಾಯಿಯ ಕಷ್ಟ ಅವಳಿಗೇ ಗೊತ್ತು. ಆದರೆ ಮೀನಿನ ಪೆಪ್ಟೈಡುಗಳಿಗೂ ಆ ನುಂಗುವಿಕೆಗೂ ಸಂಬಂಧ ಕಲ್ಪಿಸುವುದಕ್ಕೆ ಆಧಾರವಿಲ್ಲ. ದಮ್ಮು ಎಂಬುದು ಉಸಿರಿನ ನಾಳಗಳು ಊದಿಕೊಂಡು ಬಿಗಿಯುವ ಕಾಯಿಲೆ, ಬ್ಯಾಕ್ಟೀರಿಯಾವನ್ನು ಕೊಂದ ಮಾತ್ರಕ್ಕೆ ಅದು ವಾಸಿಯಾಗುವುದಿಲ್ಲ. ಎರಡನೆಯದಾಗಿ, ನುಂಗಿದ ಪೆಪ್ಟೈಡು ಹೊಟ್ಟೆಯಲ್ಲಿ ಉಳಿಯುವುದಿಲ್ಲ. ನಮ್ಮ ಕರುಳಿನ ಟ್ರಿಪ್ಸಿನ್ ಎಂಬ ಕಿಣ್ವ ಪ್ರೋಟೀನಿನ ಸರವನ್ನು ಕತ್ತರಿಸುವುದು ಲೈಸೀನ್, ಆರ್ಜಿನೀನ್‌ಗಳ ಬಳಿಯಲ್ಲೇ, ಅಂದರೆ ಪೆಪ್ಟೈಡಿನ ಬಲವೆಲ್ಲ ಅಡಗಿರುವ ಮಣಿಗಳ ಬಳಿಯಲ್ಲೇ. ಮೀನಿನ ಸಾರು ಉಂಡರೆ ಆರೋಗ್ಯಕರ ಪ್ರೋಟೀನು ಸಿಗುತ್ತದೆ, ಪ್ರತಿಜೀವಕ ಸಿಗುವುದಿಲ್ಲ. ಹೋಗುವವರು ಹೋದರೂ ವೈದ್ಯರು ಕೊಟ್ಟ ಇನ್‌ಹೇಲರನ್ನು ಒಂದು ದಿನವೂ ಬಿಡಬಾರದು, ಚಿಕ್ಕ ಮಕ್ಕಳಿಗೆ ಮಿಸುಕುವ ಮೀನನ್ನು ನುಂಗಿಸುವಾಗ ಅದು ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯವಿದೆ ಎಂಬ ಎರಡು ಮಾತನ್ನು ನಿಮ್ಮ ಶಾಲೆಯ ಪಾಲಕರಿಗೆ ದಯವಿಟ್ಟು ತಿಳಿಸಿ.

ಗಾಯಕ್ಕೆ ಹಸಿ ಲೋಳೆಯನ್ನು ಹಚ್ಚಲೇಬಾರದು. ಮೇಲೆ ಹೇಳಿದ ಪ್ರಯೋಗದಲ್ಲಿ ಹಸಿ ಲೋಳೆಯ ಸುತ್ತ ಎದ್ದ ಬ್ಯಾಕ್ಟೀರಿಯಾಗಳನ್ನು ನೆನಪಿಸಿಕೊಳ್ಳಿ. ಸಿಹಿನೀರಿನ ಮೀನುಗಳಲ್ಲಿ ಸಾಮಾನ್ಯವಾದ ಏರೋಮೊನಾಸ್ ಎಂಬ ಬ್ಯಾಕ್ಟೀರಿಯಾ ಮನುಷ್ಯರ ಗಾಯವನ್ನೂ ಕೆಡಿಸುತ್ತದೆ. ಕ್ಷಯದ ಬ್ಯಾಕ್ಟೀರಿಯಾದ ದಾಯಾದಿಯೊಂದು ಮೀನು ಮುಟ್ಟುವವರ ಕೈಯ ಸಣ್ಣ ಗೀರುಗಳಲ್ಲಿ ತಿಂಗಳುಗಟ್ಟಲೆ ಮಾಯದ ಗಂಟು ಹುಣ್ಣುಗಳನ್ನು ಎಬ್ಬಿಸುತ್ತದೆ. ಬ್ರೆಜಿಲ್ ದೇಶದ ಫೋರ್ಟಲೇಜಾದಲ್ಲಿ ಸುಟ್ಟ ಗಾಯಗಳಿಗೆ ನಮ್ಮ ಜಿಲೇಬಿ ಮೀನಿನ, ಅಂದರೆ ತಿಲಾಪಿಯಾದ, ಚರ್ಮ ಹೊದಿಸಿ ಒಳ್ಳೆಯ ಫಲ ಕಂಡಿದ್ದಾರೆ. ಆದರೆ ಆ ಚರ್ಮವನ್ನು ರಾಸಾಯನಿಕಗಳಲ್ಲಿ ತೊಳೆದು, ಗ್ಲಿಸರಾಲ್‌ನಲ್ಲಿಟ್ಟು, ಗಾಮಾ ಕಿರಣಗಳಿಂದ ಶುದ್ಧಗೊಳಿಸಿದ ಮೇಲೆ ಹೊದಿಸುತ್ತಾರೆ, ಅದರ ಉಪಕಾರವೂ ಮುಖ್ಯವಾಗಿ ಗಾಯದ ತೇವ ಕಾಯುವ, ಕೊಲಾಜೆನ್ ಎಂಬ ನಾರಿನಂತಹ ಪ್ರೋಟೀನಿನ ಹೊದಿಕೆಯಿಂದ ಬರುವಂಥದ್ದು. ಮನೆಯಲ್ಲಿ ಸುಟ್ಟುಕೊಂಡರೆ ಮೀನಿನ ಚರ್ಮವನ್ನು ಅಂಟಿಸದೆ, ತಣ್ಣೀರು ಹಾಯಿಸಿ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ನಮ್ಮ ಹೊಲದ ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಬಿಟ್ಟಿದ್ದೇವೆ. ಕೆಲವು ಮೀನುಗಳ ಮೈಮೇಲೆ ಕೆಂಪು ಹುಣ್ಣು ಎದ್ದಿದೆ. ಅಂಗಡಿಯವರು ಕೊಟ್ಟ ಆ್ಯಂಟಿಬಯೋಟಿಕ್ ಪುಡಿಯನ್ನು ಹೊಂಡಕ್ಕೆ ಸುರಿಯಬಹುದೇ? ಇಲ್ಲವಾದರೆ ಮೀನಿನ ಸ್ವಂತ ಶಕ್ತಿ ಹೆಚ್ಚಿಸಲು ಏನು ಮಾಡಬೇಕು?
– ಒಬ್ಬ ರೈತರು, ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ

ಉತ್ತರ: ಪುಡಿಯನ್ನು ಸುರಿಯಬೇಡಿ. ಕೆಂಪು ಹುಣ್ಣಿಗೆ ಬ್ಯಾಕ್ಟೀರಿಯಾವೇ ಕಾರಣವೆಂದು ಹೇಳಲಾಗದು. ಭಾರತದಲ್ಲಿ 1988ರಿಂದ ಕಾಣಿಸಿಕೊಂಡಿರುವ ಹುಣ್ಣುರೋಗದ ಮೂಲ ಶಿಲೀಂಧ್ರದಂತಹ ಒಂದು ಜೀವಿ, ಅದರ ಮೇಲೆ ಆ್ಯಂಟಿಬಯೋಟಿಕ್ ಏನೂ ಮಾಡದು. ಹೊಂಡಕ್ಕೆ ಸುರಿದ ಔಷಧ ನೀರಿನಲ್ಲಿ ತೆಳುವಾಗಿ ಹರಡಿ, ಅಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಒಗ್ಗಿಕೊಳ್ಳುವ ಅವಕಾಶ ಕೊಡುತ್ತದೆ. ಕ್ಲೋರಾಂಫೆನಿಕಾಲ್, ನೈಟ್ರೊಫ್ಯುರಾನ್ ಔಷಧಗಳನ್ನಂತೂ ಮೀನು ಸಾಕಣೆಯಲ್ಲಿ ಬಳಸಲು ಕಾನೂನೇ ಬಿಡುವುದಿಲ್ಲ. ಪೆಪ್ಟೈಡು ಬೆರೆಸಿದ ಮೀನಿನ ಆಹಾರದ ಪ್ರಯೋಗಗಳು ನಡೆದಿವೆ, ಆದರೆ ನಿಮ್ಮ ಹುಣ್ಣಿಗೆ ಅದಕ್ಕಾಗಿ ಕಾಯಬೇಕಿಲ್ಲ.

ಮೀನಿನ ಲೋಳೆಯನ್ನು ಉಳಿಸುವುದೇ ನಿಮ್ಮ ಕೈಯಲ್ಲಿರುವ ಕೆಲಸ. ಒಣ ಕೈಯಿಂದ, ಒಣ ಚೀಲದಿಂದ ಮೀನನ್ನು ಹಿಡಿದರೆ ಲೋಳೆ ಒಂದೇ ಒರೆತಕ್ಕೆ ಕಿತ್ತುಬರುತ್ತದೆ. ಕೈ, ಬಲೆ, ಬುಟ್ಟಿಗಳನ್ನು ಮೊದಲು ಹೊಂಡದ ನೀರಿನಲ್ಲಿ ನೆನೆಸಿ. ಬೆಳೆದಿವೆಯೇ ಎಂದು ನೋಡಲು ವಾರಕ್ಕೊಮ್ಮೆ ಬಲೆ ಎಳೆಯುವುದನ್ನು ನಿಲ್ಲಿಸಿ. ಮೀನು ಕಿಕ್ಕಿರಿದಿದ್ದರೆ ಕೆಲವನ್ನು ತೆಗೆಯಿರಿ, ಏಕೆಂದರೆ ಒತ್ತಡಕ್ಕೆ ಸಿಲುಕಿದ ಮೀನಿನಲ್ಲಿ ಕಾರ್ಟಿಸೋಲ್ ಹಾರ್ಮೋನು ಏರಿ ರೋಗ ತಡೆಯುವ ಶಕ್ತಿ ಕುಂದುತ್ತದೆ. ಮುಂಜಾನೆ ಮೀನು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯುತ್ತಿದ್ದರೆ ಆಮ್ಲಜನಕ ಸಾಲುತ್ತಿಲ್ಲವೆಂದು ತಿಳಿದು ಪಂಪಿನಿಂದ ನೀರು ಚಿಮ್ಮಿಸಿ, ಎರಡು ದಿನ ಆಹಾರ ಕಡಿಮೆ ಮಾಡಿ. ಸುಣ್ಣ ಹಾಕುವುದು ಉಪಯುಕ್ತ, ಆದರೆ ಪ್ರಮಾಣವನ್ನು ನೀರಿನ ಪಿಎಚ್ ಅಳೆದು ನಿರ್ಧರಿಸಬೇಕು.

ರೋಗದ ಕಾರಣ ತಿಳಿಯಲು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ಮೊದಲು ಹೋಗಿ. ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ನಮ್ಮ ಪಕ್ಕದ ಬೀದರ್‌ನಲ್ಲಿಯೇ ಇದೆ, ಅಲ್ಲಿಯೂ ವಿಚಾರಿಸಬಹುದು. ಹೋಗುವಾಗ ಹುಣ್ಣು ಈಗಷ್ಟೇ ಎದ್ದಿರುವ ಎರಡು ಮೂರು ಮೀನುಗಳನ್ನು ಹೊಂಡದ ನೀರು ತುಂಬಿದ ಮುಚ್ಚಳದ ಬಕೆಟ್ಟಿನಲ್ಲಿ ಜೀವಂತವಾಗಿ ಒಯ್ಯಿರಿ, ಬೇರೆ ಬಾಟಲಿಯಲ್ಲಿ ಒಂದು ಲೀಟರ್ ನೀರೂ ಇರಲಿ. ಸತ್ತು ಕೆಲವು ಗಂಟೆಗಳಾದ ಮೀನಿನ ಮೈಯನ್ನು ಬೇರೆ ಬ್ಯಾಕ್ಟೀರಿಯಾಗಳು ಆಕ್ರಮಿಸಿಬಿಟ್ಟಿರುತ್ತವೆ, ಆಗ ಹುಣ್ಣು ಎಬ್ಬಿಸಿದ್ದು ಯಾವುದೆಂದು ಪರೀಕ್ಷಿಸುವವರಿಗೆ ತಿಳಿಯುವುದಿಲ್ಲ.